ಬಿಳಿ ಕಂಡದ್ದೆಲ್ಲ ಕೊಬ್ಬೇ? ಸ್ಕ್ಯಾನಿಂಗ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಸೋಮವಾರಪೇಟೆ ಸಮೀಪದ ಕಾಫಿ ಬೆಳೆಗಾರ, ವಯಸ್ಸು 58. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ‘ಫ್ಯಾಟಿ ಲಿವರ್, ಗ್ರೇಡ್ 2’ ಎಂದು ಬರೆದುಕೊಟ್ಟರು. ಮೂರು ವಾರ ಕಳೆದು ಇನ್ನೊಂದು ಊರಿನಲ್ಲಿ ಮಾಡಿಸಿದರೆ ‘ಗ್ರೇಡ್ 1’ ಎಂದು ಬಂತು. ಈ ನಡುವೆ ನಾನು ಬಿಟ್ಟದ್ದು ಪಂದಿ ಕರಿ ಒಂದನ್ನೇ. ಯಾವ ವರದಿಯನ್ನು ನಂಬಬೇಕು? ಈಗ ‘ಎಲಾಸ್ಟೋಗ್ರಫಿ’ ಮಾಡಿಸಲು ಹೇಳಿದ್ದಾರೆ. ಅದರಿಂದ ಹೊಸದಾಗಿ ಏನು ತಿಳಿಯುತ್ತದೆ?

ಉತ್ತರ: ಎರಡು ವರದಿಗಳೂ ಪ್ರಾಮಾಣಿಕವಾಗಿಯೇ ಇರಬಹುದು, ಏಕೆಂದರೆ ಗ್ರೇಡ್ ಎಂಬುದು ಅಳತೆಯಲ್ಲ, ಕಣ್ಣಂದಾಜು. ಯಕೃತ್ತು ಪಕ್ಕದ ಮೂತ್ರಪಿಂಡಕ್ಕಿಂತ ಎಷ್ಟು ಬೆಳ್ಳಗೆ ಕಾಣುತ್ತದೆ, ಒಳಗಿನ ರಕ್ತನಾಳಗಳ ಗೋಡೆ ಮಸುಕಾಗಿದೆಯೇ, ಹಿಂಬದಿಯ ವಪೆ ಕಾಣುತ್ತಿದೆಯೇ ಎಂಬುದನ್ನು ನೋಡಿ ವೈದ್ಯರು 1, 2, 3 ಎಂದು ಬರೆಯುತ್ತಾರೆ. ಒಣಗಿದ ಕಾಫಿ ಚೆರ್ರಿಯನ್ನು ಹಿಡಿಯಲ್ಲಿ ಅಲುಗಾಡಿಸಿ, ಒಳಗಿನ ಬೀಜದ ಗಲಗಲ ಸದ್ದು ಕೇಳಿ ‘ಒಣಗಿದೆ’ ಎಂದು ಹೇಳುವ ಅನುಭವಿಗಳನ್ನು ನೀವು ಕಣದಲ್ಲಿ ನೋಡಿಯೇ ಇರುತ್ತೀರಿ. ಅವರ ಮಾತು ಹೆಚ್ಚಿನ ಸಲ ಸರಿಯಾಗಿಯೇ ಇರುತ್ತದೆ. ಆದರೆ ಗಡಿಯಲ್ಲಿರುವ ಮೂಟೆಯ ವಿಷಯದಲ್ಲಿ ಇಬ್ಬರು ಅನುಭವಿಗಳು ಒಂದೇ ಮಾತನ್ನು ಹೇಳುವುದಿಲ್ಲ. ನಿಮ್ಮ ಯಕೃತ್ತು ಅಂಥ ಗಡಿಯಲ್ಲಿರುವ ಸಾಧ್ಯತೆಯಿದೆ.

ಬಿಳುಪು ಅಂಗಾಂಶದ ಗುಣ ಮಾತ್ರವಲ್ಲ, ಯಂತ್ರದ ಗುಂಡಿಯ ಗುಣವೂ ಹೌದು. ಸ್ಕ್ಯಾನಿಂಗ್ ಯಂತ್ರ ದೇಹದೊಳಗೆ ಧ್ವನಿಯ ಅಲೆಯನ್ನು ಕಳುಹಿಸಿ, ಹಿಂದಿರುಗುವ ಪ್ರತಿಧ್ವನಿಯಿಂದ ಚಿತ್ರ ಬರೆಯುತ್ತದೆ. ಮೃದು ಅಂಗಾಂಶದಲ್ಲಿ ಧ್ವನಿಯು ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸ್‌ಗೆ ಸುಮಾರು ಅರ್ಧ ಡೆಸಿಬೆಲ್‌ನಷ್ಟು ಕ್ಷೀಣಿಸುತ್ತದೆ. 3 ಮೆಗಾಹರ್ಟ್ಸ್‌ನ ಅಲೆ 10 ಸೆಂ.ಮೀ. ಆಳಕ್ಕೆ ಹೋಗಿ ಹಿಂದಿರುಗುವಾಗ 30 ಡೆಸಿಬೆಲ್ ಕಳೆದುಕೊಳ್ಳುತ್ತದೆ, ಅಂದರೆ ಅದರ ಶಕ್ತಿ ಸಾವಿರದಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಚಿತ್ರದ ಕೆಳಭಾಗ ಕತ್ತಲಾಗದಿರಲೆಂದು ಆಳ ಹೆಚ್ಚಿದಂತೆ ಪ್ರತಿಧ್ವನಿಯನ್ನು ಹಿಗ್ಗಿಸಿ ತೋರಿಸಲಾಗುತ್ತದೆ. ಎಷ್ಟು ಹಿಗ್ಗಿಸಬೇಕೆಂಬುದು ಯಂತ್ರದಿಂದ ಯಂತ್ರಕ್ಕೆ, ಕೈಯಿಂದ ಕೈಗೆ ಬೇರೆಯಾಗುತ್ತದೆ.

ಈ ಕ್ಷೀಣತೆಯನ್ನು ಮರೆಮಾಚುವ ಬದಲು ಅದನ್ನೇ ಅಳೆದರೇನು ಎಂಬುದು ಸುಧಾರಣೆಯ ಒಂದು ದಾರಿ. ಕೊಬ್ಬು ತುಂಬಿದ ಯಕೃತ್ತಿನಲ್ಲಿ ಧ್ವನಿ ಬೇಗ ಸೊರಗುವುದರಿಂದ, ಸೊರಗುವ ವೇಗವೇ ಕೊಬ್ಬಿನ ಸೂಚಕವಾಗುತ್ತದೆ. ಯಕೃತ್ತಿನ ಕೊಬ್ಬನ್ನೂ ಬಿಗಿತವನ್ನೂ ಅಳೆಯುವ ‘ಫೈಬ್ರೋಸ್ಕ್ಯಾನ್’ ಯಂತ್ರದ ವರದಿಯಲ್ಲಿ ಮೀಟರಿಗೆ ಇಷ್ಟು ಡೆಸಿಬೆಲ್ ಎಂದು 100ರಿಂದ 400ರ ನಡುವೆ ಬರುವ ಸಂಖ್ಯೆ ಇದೇ. ಸಾಮಾನ್ಯ ಸ್ಕ್ಯಾನಿಂಗ್ ಯಂತ್ರದಲ್ಲಿ ಇದನ್ನು ಸಾಧಿಸುವುದು ಹೆಚ್ಚು ಕಷ್ಟ, ಏಕೆಂದರೆ ಬರುವ ಪ್ರತಿಧ್ವನಿಯಲ್ಲಿ ಅಂಗಾಂಶದ ಪಾಲೂ ಯಂತ್ರದ ಪಾಲೂ ಬೆರೆತಿರುತ್ತವೆ. 1990ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೊಂದು ಸರಳ ಉಪಾಯವನ್ನು ಪ್ರಕಟಿಸಿದರು: ಗುಣಗಳು ಮೊದಲೇ ಗೊತ್ತಿರುವ ‘ಫ್ಯಾಂಟಮ್’ ಎಂಬ ಕೃತಕ ಅಂಗಾಂಶದ ಗಟ್ಟಿಯನ್ನು, ಯಾವ ಗುಂಡಿಯನ್ನೂ ಬದಲಿಸದೆ ಅದೇ ಪ್ರೋಬಿನಿಂದ (ಮೈಮೇಲೆ ಒತ್ತಿ ಹಿಡಿಯುವ ಸಾಧನದಿಂದ) ನೋಡಿ, ರೋಗಿಯ ಸಂಕೇತವನ್ನು ಆ ಸಂಕೇತದಿಂದ ಭಾಗಿಸುವುದು. ಎರಡರಲ್ಲಿಯೂ ಸಮನಾಗಿರುವ ಯಂತ್ರದ ಪಾಲು ಕಳೆದುಹೋಗಿ ಅಂಗಾಂಶದ ಪಾಲು ಉಳಿಯುತ್ತದೆ. ಈ ಕ್ಷೇತ್ರದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ತೊಡಕನ್ನು ಬಿಡಿಸಿದ ಉಪಾಯ ಇನ್ನೊಂದಿಲ್ಲವೆಂದು ನನಗನಿಸುತ್ತದೆ. ತೇವಾಂಶದ ಮೀಟರನ್ನು ಹದಕ್ಕೆ ತರದೆ ಚೆರ್ರಿ ಅಳೆದರೆ ಆಗುವ ನಷ್ಟವನ್ನು ನಿಮಗೆ ವಿವರಿಸಬೇಕಾಗಿಲ್ಲ.

ಎಲಾಸ್ಟೋಗ್ರಫಿ ಅಳೆಯುವುದು ಕೊಬ್ಬನ್ನಲ್ಲ, ಬಿಗಿತವನ್ನು. ಕೊಬ್ಬು ಇದ್ದಮಾತ್ರಕ್ಕೆ ಯಕೃತ್ತು ಕೆಡುವುದಿಲ್ಲ. ಉರಿಯೂತ ವರ್ಷಗಟ್ಟಲೆ ನಡೆದು ನಾರು ಕಟ್ಟಿಕೊಂಡಾಗ ಗಂಡಾಂತರ. ಹ್ಯೂಸ್ಟನ್ನಿನ ಜೊನಾಥನ್ ಓಫಿರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅಂಗಾಂಶವನ್ನು ತುಸು ಒತ್ತಿ, ಒತ್ತುವ ಮೊದಲಿನ ಮತ್ತು ಅನಂತರದ ಪ್ರತಿಧ್ವನಿಗಳನ್ನು ಹೋಲಿಸಿ, ಯಾವ ಭಾಗ ಎಷ್ಟು ಕುಗ್ಗಿತೆಂದು ಲೆಕ್ಕ ಹಾಕಲಾಗುತ್ತಿತ್ತು. ಯಕೃತ್ತಿಗೆ ಈಗ ಹೆಚ್ಚಾಗಿ ಬಳಸುವ ವಿಧಾನ ಬೇರೆ: ಪಕ್ಕೆಲುಬುಗಳ ನಡುವೆ ಸಣ್ಣದೊಂದು ತಟ್ಟು ಕೊಟ್ಟು, ಅಥವಾ ಧ್ವನಿಯ ಒತ್ತಡದಿಂದಲೇ ಒಳಗೆ ತಳ್ಳಿ, ಹುಟ್ಟಿದ ಅಡ್ಡ ಅಲೆ ಎಷ್ಟು ವೇಗವಾಗಿ ಸಾಗಿತೆಂದು ನೋಡುತ್ತಾರೆ. ಅಲೆ ಸೆಕೆಂಡಿಗೆ 1 ಮೀಟರ್ ಸಾಗಿದರೆ ಬಿಗಿತ ಸುಮಾರು 3 ಕಿಲೋಪಾಸ್ಕಲ್. 2 ಮೀಟರ್ ಸಾಗಿದರೆ 6 ಅಲ್ಲ, 12. ವೇಗ ಇಮ್ಮಡಿಯಾದರೆ ಬಿಗಿತ ನಾಲ್ಮಡಿ. ಆದ್ದರಿಂದ ವೇಗದಲ್ಲಿ ಆಗುವ ಚಿಕ್ಕ ತಪ್ಪು ವರದಿಯ ಅಂಕಿಯಲ್ಲಿ ದೊಡ್ಡದಾಗಿ ಕಾಣುತ್ತದೆ.

ಪರೀಕ್ಷೆಗೆ ಮೊದಲು ಕನಿಷ್ಠ ಮೂರು ಗಂಟೆ ಏನನ್ನೂ ತಿನ್ನದಿರಿ. ಊಟವಾದ ಮೇಲೆ ಯಕೃತ್ತಿಗೆ ರಕ್ತದ ಹರಿವು ಏರಿ ಬಿಗಿತ ಹೆಚ್ಚಿ ತೋರುತ್ತದೆ. ಕಾಮಾಲೆಯ ಉರಿಯೂತದಲ್ಲಿಯೂ ಹೃದಯದ ದೌರ್ಬಲ್ಯದಲ್ಲಿಯೂ ಹೀಗಾಗುವುದುಂಟು. ವರದಿಯಲ್ಲಿ ಒಂದೇ ಅಂಕಿ ಇದ್ದರೆ ಸಾಲದು: ಎಷ್ಟು ಸಲ ಅಳೆದರು (ಫೈಬ್ರೋಸ್ಕ್ಯಾನ್‌ನಲ್ಲಿ ಹತ್ತು ಸಲ ವಾಡಿಕೆ), ಅಳತೆಗಳ ನಡುವೆ ಅಂತರವೆಷ್ಟು (ವರದಿಯಲ್ಲಿ ‘ಐಕ್ಯೂಆರ್’) ಎಂಬುದನ್ನೂ ನೋಡಿ. ಆ ಅಂತರ ಮಧ್ಯದ ಅಂಕಿಯ ಶೇಕಡ 30ನ್ನು ಮೀರಿದ್ದರೆ ಫಲಿತಾಂಶವನ್ನು ಅನುಮಾನದಿಂದಲೇ ಕಾಣಬೇಕು. ಇದಕ್ಕೂ ಮೊದಲು ವಯಸ್ಸು, ರಕ್ತದಲ್ಲಿ ಅಳೆಯುವ ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು ಮತ್ತು ಪ್ಲೇಟ್‌ಲೆಟ್ ಎಣಿಕೆ, ಈ ನಾಲ್ಕರಿಂದ ಹಾಕುವ ‘ಫಿಬ್-4’ ಲೆಕ್ಕವನ್ನು ನಿಮ್ಮ ವೈದ್ಯರಲ್ಲಿ ಕೇಳಿ. ಅದು 1.3ಕ್ಕಿಂತ ಕಡಿಮೆಯಿದ್ದರೆ ನಾರು ಹೆಚ್ಚಾಗಿ ಕಟ್ಟಿರುವ ಸಂಭವ ಕಡಿಮೆ; ಹಾಗಿದ್ದಲ್ಲಿ ಘಟ್ಟ ಇಳಿದು ಮೈಸೂರಿಗೋ ಮಂಗಳೂರಿಗೋ ಹೋಗಲು ಅವಸರ ಬೇಡ. ಮುಂದೆ ಮತ್ತೆ ಅಳೆಸಿದರೆ ಅದೇ ಬಗೆಯ ಯಂತ್ರದಲ್ಲಿ ಅಳೆಸಿ. ಪಂದಿ ಕರಿಯನ್ನು ದೂರುವ ಮುನ್ನ ಮದ್ಯದ ಲೆಕ್ಕವನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ.

ಪ್ರಶ್ನೆ: ನಾನು ಮಡಿಕೇರಿಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಸ್ಕ್ಯಾನಿಂಗ್ ಚಿತ್ರಗಳು ಮರಳು ಚೆಲ್ಲಿದಂತೆ ಏಕೆ ಕಾಣುತ್ತವೆ? ಒಳ್ಳೆಯ ಯಂತ್ರದಲ್ಲಿ ಇದು ಇರುವುದಿಲ್ಲವೇ?

ಉತ್ತರ: ಇರುತ್ತದೆ. 3 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು ಅರ್ಧ ಮಿಲಿಮೀಟರ್. ಅದಕ್ಕಿಂತ ಎಷ್ಟೋ ಚಿಕ್ಕದಾದ ಕಣರಚನೆಗಳಿಂದ ಹಿಂದಿರುಗುವ ಅಲೆಗಳು, ಮಳೆಹನಿ ಬಿದ್ದ ಕೆರೆಯ ಉಂಗುರಗಳಂತೆ, ಒಂದನ್ನೊಂದು ಹಾಯ್ದು ಕೆಲವೆಡೆ ಕೂಡಿ ಬೆಳಕಾಗುತ್ತವೆ, ಕೆಲವೆಡೆ ಅಳಿಸಿಕೊಂಡು ಕಪ್ಪಾಗುತ್ತವೆ. ಹಾಗಾಗಿ ಒಂದೊಂದು ಚುಕ್ಕಿಯೂ ಒಂದೊಂದು ಕಣವೆಂದು ಭಾವಿಸಬಾರದು. ಇದನ್ನು ‘ಸ್ಪೆಕಲ್’ ಎನ್ನುತ್ತಾರೆ. ಚಿತ್ರವನ್ನು ನಯವಾಗಿಸಲು ಯಂತ್ರಗಳು ಇದನ್ನು ಅಳಿಸಲು ಹೆಣಗುತ್ತವೆ. ಆದರೆ ಅಂಗಾಂಶ ಅಲುಗಿದಾಗ ಈ ಚುಕ್ಕಿಗಳ ವಿನ್ಯಾಸವೂ ಅದರೊಡನೆ ಸರಿಯುವುದರಿಂದಲೇ, ಮೇಲೆ ಹೇಳಿದ ಅಡ್ಡ ಅಲೆಯ ಕೆಲವೇ ಮೈಕ್ರಾನ್‌ಗಳ ಚಲನೆಯನ್ನು ಹಿಡಿಯಲು ಸಾಧ್ಯವಾಗಿದೆ. ಅದಕ್ಕೆ ಸೆಕೆಂಡಿಗೆ ಸಾವಿರಾರು ಚಿತ್ರಗಳು ಬೇಕು. ಆದ್ದರಿಂದ ಗೆರೆಗೆರೆಯಾಗಿ ನೋಡುವುದನ್ನು ಬಿಟ್ಟು ಇಡೀ ಕ್ಷೇತ್ರಕ್ಕೆ ಒಂದೇ ಚಪ್ಪಟೆ ಅಲೆಯನ್ನು ಕಳುಹಿಸುವ ವಿಧಾನ ಬಂತು.

ಚಿತ್ರ ಮಸುಕಾಗಲು ಇನ್ನೊಂದು ಕಾರಣವೂ ಇದೆ. ದೇಹದಲ್ಲೆಲ್ಲ ಧ್ವನಿಯ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಯಂತ್ರ ನಂಬಿರುತ್ತದೆ, ಆದರೆ ಕೊಬ್ಬಿನಲ್ಲಿ ಅದು 1450ರ ಆಸುಪಾಸು. 3 ಸೆಂ.ಮೀ. ಕೊಬ್ಬಿನ ಪದರವನ್ನು ಯಂತ್ರವು ಸುಮಾರು 2 ಮಿ.ಮೀ. ಹೆಚ್ಚು ದಪ್ಪವೆಂದು ತಿಳಿದು, ತನ್ನ ನಾಭಿಯನ್ನೂ (ಅಲೆಗಳು ಒಟ್ಟುಗೂಡುವ ಬಿಂದುವನ್ನೂ) ತಪ್ಪಿಸಿಕೊಳ್ಳುತ್ತದೆ. ಸ್ಥೂಲದೇಹಿಗಳ ಚಿತ್ರ ಕೆಡುವುದಕ್ಕೆ ಇದೂ ಒಂದು ಕಾರಣ. ಆಯಾ ದೇಹದಲ್ಲಿನ ವೇಗವನ್ನು ಸ್ಥಳದಲ್ಲಿಯೇ ಅಂದಾಜಿಸಿ ತಿದ್ದಿಕೊಳ್ಳುವ ಯಂತ್ರಗಳನ್ನು ರೂಪಿಸುವ ಕೆಲಸ ಈಗ ಬಿರುಸಾಗಿ ನಡೆದಿದೆ.

ಪ್ರಶ್ನೆ: ಸ್ತನದಲ್ಲಿ ಗಂಟು ಇದೆಯೆಂದು ಬಣ್ಣದ ಸ್ಕ್ಯಾನಿಂಗ್ ಮಾಡಿದರು. ಗಂಟು ನೀಲಿಯಾಗಿ ಕಂಡಿತು. ನನ್ನ ಅಕ್ಕನ ವರದಿಯಲ್ಲಿ ಕೆಂಪು ಇತ್ತು, ಅವರಿಗೆ ಏನೂ ತೊಂದರೆ ಇರಲಿಲ್ಲ. ನಾನು ಹೆದರಬೇಕೇ? (ಗೋಣಿಕೊಪ್ಪದ ಓದುಗರು)

ಉತ್ತರ: ಬಣ್ಣವನ್ನು ನೋಡಿ ಹೆದರಬೇಡಿ, ಧೈರ್ಯವನ್ನೂ ತಾಳಬೇಡಿ. ಇದು ಮೇಲೆ ಹೇಳಿದ ಎಲಾಸ್ಟೋಗ್ರಫಿಯೇ ಆಗಿದ್ದರೆ, ಬಣ್ಣ ಹೇಳುವುದು ಬಿಗಿತವನ್ನು: ಕೆಲವು ಯಂತ್ರಗಳು ಬಿಗಿಯಾದುದನ್ನು ನೀಲಿಯಾಗಿ, ಕೆಲವು ಕೆಂಪಾಗಿ ತೋರಿಸುತ್ತವೆ. ಚಿತ್ರದ ಅಂಚಿನಲ್ಲಿರುವ ಬಣ್ಣದ ಪಟ್ಟಿಯನ್ನು ನೋಡದೆ ಎರಡು ವರದಿಗಳನ್ನು ಹೋಲಿಸಲಾಗದು. ಪ್ರೋಬನ್ನು ತುಸು ಬಲವಾಗಿ ಒತ್ತಿದರೂ ಮೃದುವಾದ ಅಂಗಾಂಶ ಬಿಗಿಯೆಂದು ತೋರಬಹುದು. ಬಿಗಿಯಾದ ಗಂಟುಗಳಲ್ಲಿ ನಿರಪಾಯಕಾರಿಯಾದವೂ ಇವೆ, ಮೃದುವಾಗಿ ಕಾಣುವ ಕ್ಯಾನ್ಸರುಗಳೂ ಇವೆ. ವೈದ್ಯರು ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಬೇಕೆಂದರೆ ಕಾಫಿ ಕೊಯ್ಲು ಮುಗಿಯಲಿ ಎಂದು ಮುಂದೂಡದೆ, ಈ ವಾರವೇ ಹೋಗಿ ಮಾಡಿಸಿಕೊಳ್ಳಿ.