ನೀರಿನ ಬೈಕು ಮತ್ತು ನಮ್ಮ ಶೀರ್ಷಿಕೆ

ಮಾನ್ಯರೇ,

ತಮ್ಮ ನಾಲ್ಕು ಪುಟಗಳ ಪತ್ರ ತಲುಪಿದೆ. ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಾದ್ದರಿಂದ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಪಾಠ ಹೇಳಿ ನಿವೃತ್ತರಾದವರು ಎಂದಷ್ಟೇ ಓದುಗರಿಗೆ ತಿಳಿಸುತ್ತೇನೆ. ಪತ್ರವನ್ನು ಇಡಿಯಾಗಿ ಅಚ್ಚು ಹಾಕಲು ಜಾಗವಿಲ್ಲ. ಅದರ ಸಾರವನ್ನು ಹೇಳಿ ಉತ್ತರಕ್ಕೆ ಬರುತ್ತೇನೆ.

ಹಿಂದಿನ ಸಂಚಿಕೆಯಲ್ಲಿ ನಾವು ಒಂದು ಇಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳ ಬಗ್ಗೆ ‘ನೀರಿನಿಂದ ಓಡುವ ಬೈಕ್: ಹಳ್ಳಿ ಹುಡುಗರಿಗೆ ಪೇಟೆಂಟ್’ ಎಂಬ ಶೀರ್ಷಿಕೆಯಡಿ ಎರಡು ಪುಟಗಳ ಲೇಖನ ಪ್ರಕಟಿಸಿದ್ದೆವು. ಇದು ಶಕ್ತಿಯನ್ನು ಶೂನ್ಯದಿಂದ ಹುಟ್ಟಿಸಲಾಗದು ಎನ್ನುವ ಉಷ್ಣಗತಿವಿಜ್ಞಾನದ ಮೊದಲ ನಿಯಮಕ್ಕೆ ಮಾಡಿದ ಅಪಚಾರ ಎಂಬುದು ತಮ್ಮ ಮೊದಲ ಆಕ್ಷೇಪ. ತಾವು ಓದಿದ ಬೆಂಗಳೂರಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು, ಅಂದರೆ ಯುವಿಸಿಇ, ಪತ್ರಿಕೆಗಳ ಕಣ್ಣಿಗೆ ಬೀಳುವುದು ಸೆಪ್ಟೆಂಬರ್ 15ರಂದು ಸರ್ ಎಂ.ವಿ. ಪ್ರತಿಮೆಗೆ ಹಾರ ಹಾಕುವಾಗ ಮಾತ್ರ, ಅಂಥ ಕಾಲೇಜುಗಳ ಸಂಶೋಧನೆಯ ಗೊಡವೆ ಯಾರಿಗೂ ಇಲ್ಲ ಎಂಬುದು ಎರಡನೆಯದು. ಇವೆರಡಕ್ಕೂ ಪರಿಹಾರವಾಗಿ, ವಿದ್ಯಾರ್ಥಿಗಳ ಪ್ರಾಜೆಕ್ಟುಗಳ ಬಗ್ಗೆ ಬರೆಯುವುದನ್ನೇ ನಿಲ್ಲಿಸಬೇಕು, ಸಂಶೋಧನೆಯ ಲೇಖನಗಳನ್ನು ಆಯಾ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆದೇ ಪ್ರಕಟಿಸಬೇಕು ಎಂದು ಸಲಹೆ ಮಾಡಿದ್ದೀರಿ.

ಮೊದಲ ಆಕ್ಷೇಪಕ್ಕೆ ನಮ್ಮಲ್ಲಿ ಸಮಜಾಯಿಷಿ ಇಲ್ಲ. ನೀರು ಇಂಧನವಲ್ಲ, ಹೈಡ್ರೋಜನ್ ಉರಿದು ಉಳಿದ ಬೂದಿ ಅದು ಎಂದರೂ ನಡೆಯುತ್ತದೆ. ಒಂದು ಕಿಲೋ ಹೈಡ್ರೋಜನ್ ಉರಿದಾಗ ಸಿಗುವ ಶಕ್ತಿ ಹೆಚ್ಚೆಂದರೆ 39 ಯೂನಿಟ್ ವಿದ್ಯುತ್ತಿಗೆ ಸಮ. ಅದೇ ಒಂದು ಕಿಲೋವನ್ನು ನೀರಿನಿಂದ ಬೇರ್ಪಡಿಸಲು ಇಂದಿನ ಒಳ್ಳೆಯ ಯಂತ್ರಗಳೂ ಸುಮಾರು 50 ಯೂನಿಟ್ ನುಂಗುತ್ತವೆ. ಆ ಹೈಡ್ರೋಜನ್ನನ್ನು ಬೈಕಿನ ಇಂಜಿನ್ನಿನಲ್ಲಿ ಉರಿಸಿದರೆ ಚಕ್ರಕ್ಕೆ ತಲುಪುವುದು ಅದರ ಮೂರನೆಯ ಒಂದು ಪಾಲೂ ಇಲ್ಲ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹತ್ತು ರೂಪಾಯಿ ಕೊಟ್ಟು ಮೂರು ರೂಪಾಯಿ ಪಡೆಯುವ ಈ ವ್ಯಾಪಾರ ಪಿಯುಸಿ ಓದಿದ ಉಪಸಂಪಾದಕರಿಗೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಏಕೆಂದರೆ ಆ ಪುಟ ಅಚ್ಚಿಗೆ ಹೋಗುವ ಮುನ್ನ ಕೊನೆಯದಾಗಿ ನೋಡಿದವನು ನಾನೇ, ಮತ್ತು ನಾನು ನೋಡಿದ್ದು ಚಿತ್ರ ಸರಿಯಾಗಿ ಕೂತಿದೆಯೇ ಎಂಬುದನ್ನು ಮಾತ್ರ.

ಪತ್ರ ಬಂದ ಮರುವಾರ ಆ ಕಾಲೇಜಿಗೆ ಹೋಗಿದ್ದೆ. ಬೈಕು ವರ್ಕ್‌ಶಾಪಿನ ಹಿಂಬದಿಯ ಶೆಡ್ಡಿನಲ್ಲಿ, ಮುರಿದ ಲೇತ್ ಯಂತ್ರದ ಪಕ್ಕ ನಿಂತಿತ್ತು. ಸೀಟಿನ ಕೆಳಗೆ ಉಪ್ಪಿನಕಾಯಿ ಜಾಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಒಂದರ ಪಕ್ಕ ಒಂದರಂತೆ ಜೋಡಿಸಿದ ಸ್ಟೀಲ್ ತಗಡುಗಳು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿದ ನೀರು, ಬ್ಯಾಟರಿಗೆ ಎಳೆದ ಎರಡು ವೈರು. ವಿದ್ಯುತ್ತಿನಿಂದ ನೀರು ಒಡೆದು ಬರುವ ಹೈಡ್ರೋಜನ್ ಸಾಗಲೆಂದು ಡಬ್ಬಿಯಿಂದ ಹೊರಟ ಸಣ್ಣ ಪೈಪು ಕಾರ್ಬ್ಯುರೇಟರಿಗೆ ಗಾಳಿ ಸೇರುವ ಜಾಗದಲ್ಲಿ ಕೂಡಿಕೊಂಡಿತ್ತು. ಪೆಟ್ರೋಲ್ ಟ್ಯಾಂಕು ಇದ್ದಲ್ಲೇ ಇತ್ತು, ಅದರಲ್ಲಿ ಪೆಟ್ರೋಲೂ ಇತ್ತು. ನಮ್ಮ ಲೇಖನದ ಚಿತ್ರದಲ್ಲಿ ಆ ಟ್ಯಾಂಕಿನ ಮೇಲೆ ಕಾಲೇಜಿನ ಹೆಸರಿರುವ ಬ್ಯಾನರ್ ಹೊದಿಸಲಾಗಿತ್ತು ಎಂಬುದು ನನಗೆ ಗೊತ್ತಾದದ್ದು ಆಗಲೇ.

ವಿದ್ಯಾರ್ಥಿಗಳ ಪೈಕಿ ಒಬ್ಬ ತನ್ನ ಪ್ರಾಜೆಕ್ಟ್ ರಿಪೋರ್ಟ್ ತಂದು ತೋರಿಸಿದ. ಕಪ್ಪು ರಟ್ಟು, ಬಂಗಾರದ ಅಕ್ಷರ, ತಮಗೆ ಚಿರಪರಿಚಿತವಾದ ಅದೇ ಬೈಂಡಿಂಗು. ಕೊನೆಯ ಅಧ್ಯಾಯದಲ್ಲಿ ಅವರು ಬರೆದಿದ್ದ ಮಾತು ಇಷ್ಟೆ: ಪೆಟ್ರೋಲಿನ ಜತೆ ಅಲ್ಪ ಪ್ರಮಾಣದ ಹೈಡ್ರೋಜನ್ ಸೇರಿಸಿ ಹೊಗೆಯನ್ನೂ ಮೈಲೇಜನ್ನೂ ಅಳೆಯಲಾಯಿತು, ಬ್ಯಾಟರಿಯಿಂದ ಎಳೆದ ವಿದ್ಯುತ್ತನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮೈಲೇಜಿನಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. “ನೀರಿನಿಂದ ಓಡುತ್ತೆ ಅಂತ ನಾವೆಲ್ಲೂ ಹೇಳಿಲ್ಲ ಸರ್” ಎಂದ ಆ ಹುಡುಗ. ಹೇಳಿದ್ದು ಕಾಲೇಜಿನ ಪ್ರೆಸ್ ನೋಟು. ‘ನೀರನ್ನು ಇಂಧನವಾಗಿ ಬಳಸುವ’ ಎಂಬ ಅದರ ಮೂರು ಪದಗಳನ್ನು ‘ನೀರಿನಿಂದ ಓಡುವ’ ಎಂದು ಎರಡಕ್ಕೆ ಇಳಿಸಿದ್ದು ನಾವು. ಊರಿನ ನೆಂಟರೆಲ್ಲ ಅವನಿಗೆ ಫೋನ್ ಮಾಡಿ ಬೈಕು ಯಾವಾಗ ಮಾರಾಟಕ್ಕೆ ಬರುತ್ತದೆಂದು ಕೇಳುತ್ತಿದ್ದಾರೆ. ಕೆಲಸದ ಸಂದರ್ಶನವೊಂದರಲ್ಲಿ ನಮ್ಮ ಲೇಖನವನ್ನೇ ಮುಂದಿಟ್ಟು ಅವನನ್ನು ನೋಡಿ ನಕ್ಕರಂತೆ. ಪ್ರಾಮಾಣಿಕವಾಗಿ ಅಳೆದು, ಫಲ ಸಿಗಲಿಲ್ಲವೆಂದು ಪ್ರಾಮಾಣಿಕವಾಗಿ ಬರೆದ ಹುಡುಗನನ್ನು ನಾವು ಸುಳ್ಳುಗಾರನಂತೆ ಕಾಣಿಸಿದ್ದೇವೆ. ತಮ್ಮ ಪತ್ರದಲ್ಲಿ ‘ಇಂಥ ವಿದ್ಯಾರ್ಥಿಗಳು’ ಎಂದು ಆಡಿರುವ ಮಾತನ್ನು ದಯವಿಟ್ಟು ಹಿಂದಕ್ಕೆ ಪಡೆಯಿರಿ; ಬೈಗುಳ ನಮಗಿರಲಿ.

ಪೇಟೆಂಟಿನ ವಿಷಯವನ್ನೂ ವಿಚಾರಿಸಿದೆ. ನಮ್ಮ ದೇಶದಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ 18 ತಿಂಗಳಿಗೆ ಅದು ಪೇಟೆಂಟ್ ಕಚೇರಿಯ ಪತ್ರಿಕೆಯಲ್ಲಿ ತಾನಾಗಿಯೇ ಪ್ರಕಟವಾಗುತ್ತದೆ. ನಮೂನೆ 9 ಭರ್ತಿ ಮಾಡಿ ಶುಲ್ಕ ಕಟ್ಟಿದರೆ ಬೇಗನೆ ಪ್ರಕಟವಾಗುತ್ತದೆ. ಆ ಹಂತದಲ್ಲಿ ಅರ್ಜಿಯಲ್ಲಿ ಹುರುಳಿದೆಯೇ ಎಂದು ಯಾರೂ ಪರಿಶೀಲಿಸಿರುವುದಿಲ್ಲ. ಪರೀಕ್ಷಕರು ನೋಡಿ, ಆಕ್ಷೇಪ ಎತ್ತಿ, ಅದಕ್ಕೆ ಉತ್ತರ ಪಡೆದು, ಆಮೇಲೆ ಮಂಜೂರಾದರೆ ಅದು ಪೇಟೆಂಟು. ಮದುವೆಯ ಲಗ್ನಪತ್ರಿಕೆ ಅಚ್ಚಾದ ಮಾತ್ರಕ್ಕೆ ಮದುವೆ ಆದಂತಲ್ಲ. ಇಲ್ಲಿಯಂತೂ ಹೆಣ್ಣಿನ ಕಡೆಯವರು ಇನ್ನೂ ಒಪ್ಪಿಯೇ ಇರಲಿಲ್ಲ. ‘ಪಬ್ಲಿಷ್ ಆಗಿದೆ’ ಎಂಬುದನ್ನು ‘ಪೇಟೆಂಟ್ ಪಡೆದಿದೆ’ ಎಂದು ಕಾಲೇಜು ಬರೆಯಿತು. ಅರ್ಜಿ ಸಂಖ್ಯೆ ಕೊಡಿ ಎಂದು ಕೇಳಿದ್ದರೆ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಐದು ನಿಮಿಷದಲ್ಲಿ ನಿಜಸ್ಥಿತಿ ತಿಳಿಯುತ್ತಿತ್ತು. ನಾವು ಕೇಳಲಿಲ್ಲ.

ಏಕೆ ಕೇಳಲಿಲ್ಲ ಎಂಬುದಕ್ಕೆ ಒಂದು ಅಹಿತಕರ ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ಅದೇ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ಅದೇ ಕಾಲೇಜಿನ ಪ್ರವೇಶಾತಿ ಜಾಹೀರಾತು ಇತ್ತು. ಲೇಖನ ಹಾಕಿ ಎಂದು ಜಾಹೀರಾತು ವಿಭಾಗದವರು ಹೇಳಿರಲಿಲ್ಲ, ನಿಜ. ಆದರೆ ಸಿಇಟಿ ಕೌನ್ಸೆಲಿಂಗ್ ನಡೆಯುವ ತಿಂಗಳುಗಳಲ್ಲಿ ಸುದ್ದಿಮನೆಯ ಅನುಮಾನದ ಬುದ್ಧಿ ತುಸು ಮಂಕಾಗುತ್ತದೆ ಎಂಬುದನ್ನು ಇಷ್ಟು ವರ್ಷದ ಅನುಭವದಿಂದ ಬಲ್ಲೆ.

ಉತ್ಪ್ರೇಕ್ಷೆ ಹುಟ್ಟುವುದು ಪತ್ರಕರ್ತರ ಮೇಜಿನಲ್ಲಿ ಎಂಬ ತಮ್ಮ ಮಾತಿನ ಬಗ್ಗೆ ಮಾತ್ರ ಒಂದು ತಕರಾರಿದೆ. ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾಲಯಗಳು 2011ರಲ್ಲಿ ಹೊರಡಿಸಿದ್ದ ಆರೋಗ್ಯ ಮತ್ತು ಜೀವವಿಜ್ಞಾನದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳ ಪಕ್ಕದಲ್ಲೂ, ಆಮೇಲೆ ಬಂದ ಸುದ್ದಿಗಳ ಪಕ್ಕದಲ್ಲೂ ಇಟ್ಟು ನೋಡಿದ ಅಧ್ಯಯನವೊಂದು 2014ರಲ್ಲಿ ‘ಬಿಎಂಜೆ’ ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಎರಡು ಸಂಗತಿಗಳು ಒಟ್ಟಿಗೆ ಕಂಡದ್ದನ್ನು ಒಂದರಿಂದಲೇ ಇನ್ನೊಂದಾಯಿತು ಎಂದು ಹಿಗ್ಗಿಸಿ ಹೇಳುವ ಚಾಳಿ ಪ್ರಕಟಣೆಗಳಲ್ಲೇ ಶೇ 33ರಷ್ಟಿತ್ತು. ಪ್ರಕಟಣೆ ಹಾಗೆ ಹಿಗ್ಗಿಸಿದ್ದಾಗ ಶೇ 81ರಷ್ಟು ಸುದ್ದಿಗಳೂ ಹಿಗ್ಗಿದ್ದವು. ಪ್ರಕಟಣೆ ಹದವಾಗಿದ್ದಾಗ ಹಿಗ್ಗಿದ ಸುದ್ದಿಗಳು ಶೇ 18 ಮಾತ್ರ. ಅಂದರೆ ಗಾಳಿ ತುಂಬುವ ಪಂಪು ಬಹುಪಾಲು ಕ್ಯಾಂಪಸ್ಸಿನಲ್ಲೇ ಇದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯ 1989ರ ಮಾರ್ಚ್ 23ರಂದು, ಪ್ರಬಂಧ ಇನ್ನೂ ಅಚ್ಚಾಗುವ ಮೊದಲೇ, ಪತ್ರಿಕಾಗೋಷ್ಠಿ ಕರೆದು ತನ್ನ ರಸಾಯನವಿಜ್ಞಾನಿ ಸ್ಟ್ಯಾನ್ಲಿ ಪಾನ್ಸ್ ಮತ್ತು ಅವರ ಜತೆಗಾರ ಮಾರ್ಟಿನ್ ಫ್ಲೈಷ್‌ಮನ್ ಕೋಣೆಯ ಉಷ್ಣತೆಯಲ್ಲೇ ಪರಮಾಣು ಸಮ್ಮಿಳನ ಸಾಧಿಸಿದ್ದಾರೆಂದು ಸಾರಿದ್ದು ತಮಗೆ ನೆನಪಿರಬಹುದು. ಕೆಲವೇ ವಾರಗಳಲ್ಲಿ ಬೇರೆ ಪ್ರಯೋಗಾಲಯಗಳು ಮಾಡಿ ನೋಡಿ ಕೈಚೆಲ್ಲಿದವು. ಇದನ್ನು ಹೇಳುತ್ತಿರುವುದು ತಪ್ಪಿಸಿಕೊಳ್ಳಲು ಅಲ್ಲ. ಪಂಪು ಯಾರದಾದರೂ ಬಲೂನಿನ ಬಾಯಿ ಹಿಡಿದುಕೊಂಡವರು ನಾವು.

ಈಗ ಯುವಿಸಿಇ ವಿಷಯ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1917ರಲ್ಲಿ, ಶುರುವಾದ ಕಾಲೇಜು ಅದು. ಮೊದಲು ಮೈಸೂರು ವಿಶ್ವವಿದ್ಯಾಲಯದ, 1964ರಿಂದ ಬೆಂಗಳೂರು ವಿಶ್ವವಿದ್ಯಾಲಯದ ತೆಕ್ಕೆಯಲ್ಲಿದ್ದು, 2021ರ ಕಾಯ್ದೆಯ ಬಲದಿಂದ ಈಗ ಸ್ವತಃ ಒಂದು ವಿಶ್ವವಿದ್ಯಾಲಯವಾಗಿದೆ. ಈ ವಂಶಾವಳಿಯನ್ನು ಪತ್ರಿಕೆಗಳು ಚೆನ್ನಾಗಿಯೇ ಬರೆದಿವೆ. ಅಲ್ಲಿ ಓದಿದವರು ಏನು ಮಾಡಿದರೆಂದು ಬರೆದದ್ದು ಕಡಿಮೆ ಎಂಬ ತಮ್ಮ ದೂರು ನಿಜ. ಸರ್ಕಾರಿ ಮತ್ತು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪ್ರೆಸ್ ನೋಟು ಬರೆಯಲೆಂದೇ ಸಂಬಳ ಕೊಟ್ಟು ಇಟ್ಟುಕೊಂಡವರು ಅಪರೂಪ. ಖಾಸಗಿ ಕಾಲೇಜುಗಳಲ್ಲಿ ಫೋಟೋ, ಶೀರ್ಷಿಕೆ, ನುಡಿ ಫಾಂಟಿನಲ್ಲಿ ಸಿದ್ಧ ಬರಹ, ಎಲ್ಲವೂ ವಾಟ್ಸ್‌ಆ್ಯಪ್‌ಗೇ ಬರುತ್ತವೆ. ಬಂದದ್ದನ್ನು ಹಾಕುವುದು ಸುಲಭ, ಬರದಿದ್ದುದನ್ನು ಹುಡುಕಿಕೊಂಡು ಕೆ.ಆರ್. ಸರ್ಕಲ್ಲಿಗೋ ಜ್ಞಾನಭಾರತಿಗೋ ಹೋಗುವುದು ಕಷ್ಟ. ನಮ್ಮ ಪುಟಗಳಲ್ಲಿ ಯಾವ ಕಾಲೇಜು ಎಷ್ಟು ಕಾಣುತ್ತದೆ ಎಂಬುದನ್ನು ನಿರ್ಧರಿಸುತ್ತಿರುವುದು ಸಂಶೋಧನೆಯ ತೂಕವಲ್ಲ, ಆ ಕಾಲೇಜಿನ ಪ್ರಚಾರ ವಿಭಾಗದ ತೂಕ. ಪ್ಲೇಸ್‌ಮೆಂಟ್ ಸುದ್ದಿಯೂ ಇದೇ ಜಾತಿಯದು: ಒಬ್ಬ ವಿದ್ಯಾರ್ಥಿಗೆ ಸಿಕ್ಕ ಅತಿ ದೊಡ್ಡ ಪ್ಯಾಕೇಜು ಶೀರ್ಷಿಕೆಯಾಗುತ್ತದೆ, ಸಾಲಿನ ನಡುವೆ ನಿಂತವನಿಗೆ ಸಿಕ್ಕಿದ್ದೆಷ್ಟು ಎಂಬ ಮಧ್ಯಾಂಕವನ್ನು ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಕೇಳುತ್ತದೆಯೇ ಹೊರತು ನಾವು ಕೇಳುವುದಿಲ್ಲ.

ಗಂಭೀರ ಸಂಶೋಧನೆಯನ್ನು ಸಾಮಾನ್ಯ ಓದುಗರಿಗೆ ಕನ್ನಡದಲ್ಲಿ ಹೇಳಲಾಗದು ಎಂದು ನಮ್ಮವರೇ ಕೆಲವರು ವಾದಿಸುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ತಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ, ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ ಅವರನ್ನೇ ತೆಗೆದುಕೊಳ್ಳಿ. 1953ರಲ್ಲಿ ಅಲ್ಲಿ ಮೆಕ್ಯಾನಿಕಲ್ ಪದವಿ ಪಡೆದ ಅವರು, 1957ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧ ಶಾಂತವಾಗಿ ಹರಿಯುವ ಗಾಳಿ ಕಲಕಿದ ಹರಿವಾಗಿ ಮಾರ್ಪಡುವ ನಡುವಣ ಹಂತದ ಬಗ್ಗೆ. ಕೇಳಿದರೆ ಭಯವಾಗುತ್ತದೆ. ಆದರೆ ಅಡುಗೆಮನೆಯ ನಲ್ಲಿಯನ್ನು ತುಸುವೇ ತಿರುಗಿಸಿ ನೋಡಿ: ನೀರು ಗಾಜಿನ ಕಡ್ಡಿಯಂತೆ, ನಿಂತಿದೆಯೋ ಬೀಳುತ್ತಿದೆಯೋ ತಿಳಿಯದಷ್ಟು ನಯವಾಗಿ ಇಳಿಯುತ್ತದೆ. ಇನ್ನಷ್ಟು ತಿರುಗಿಸಿದರೆ ಮೈ ಒರಟಾಗಿ, ಬಿಳಿಚಿಕೊಂಡು, ಸದ್ದು ಮಾಡುತ್ತದೆ. ವಿಮಾನದ ರೆಕ್ಕೆಗೆ ಅಂಟಿದ ತೆಳು ಗಾಳಿಪದರದಲ್ಲೂ ಇಂಥ ಬದಲಾವಣೆ ಆಗುತ್ತದೆ, ಆದರೆ ಗೆರೆ ಎಳೆದಂತೆ ಒಮ್ಮೆಲೇ ಅಲ್ಲ. ನಯವಾದ ಹರಿವಿನ ನಡುವೆ ಅಲ್ಲಲ್ಲಿ ಕಲಕಿದ ಮಚ್ಚೆಗಳು ಹುಟ್ಟಿ, ಹರಡಿ, ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಒಂದು ಜಾಗದಲ್ಲಿ ಹರಿವು ಎಷ್ಟು ಹೊತ್ತು ಕಲಕಿರುತ್ತದೆ, ಎಷ್ಟು ಹೊತ್ತು ಶಾಂತವಾಗಿರುತ್ತದೆ ಎಂಬುದಕ್ಕೆ ಆ ತರುಣ ಒಂದು ಸೂತ್ರ ಕಂಡುಕೊಂಡರು. ಇದಕ್ಕೆ ನಮ್ಮ ಭಾಷೆಯಲ್ಲಿ ಪದಗಳು ಸಾಲದೆ ಬರಲಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದದ್ದು 1918ರಲ್ಲಿ, ತಮ್ಮ ಕಾಲೇಜು ತೆರೆದ ಮರುವರ್ಷ, ಅದೇ ಬೆಂಗಳೂರಿನಲ್ಲಿ. ನೂರು ವರ್ಷಗಳ ಬಳಿಕ ನಾವು ಪದಗಳಿಲ್ಲ ಎನ್ನುವುದು ಸೋಮಾರಿತನ.

ತಮ್ಮ ಸಲಹೆಗಳ ಬಗ್ಗೆ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳನ್ನು ಬರೆಯುವುದನ್ನು ನಿಲ್ಲಿಸಲಾರೆವು. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಕಕ್ಷೆ ಸೇರಿದ, ಒಂದು ಕಿಲೋಗಿಂತ ಕಡಿಮೆ ತೂಕದ ‘ಸ್ಟಡ್‌ಸ್ಯಾಟ್’ ಉಪಗ್ರಹವನ್ನು ಕಟ್ಟಿದವರು ಕರ್ನಾಟಕ ಮತ್ತು ಆಂಧ್ರದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಪ್ರತಿವರ್ಷ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅಂತಿಮ ವರ್ಷದ ಪ್ರಾಜೆಕ್ಟುಗಳಿಗೆ ನೆರವು ಕೊಟ್ಟು, ಪ್ರದರ್ಶನವನ್ನೂ ಏರ್ಪಡಿಸುತ್ತದೆ. ಅಡಿಕೆ ಸುಲಿಯುವುದು, ತೆಂಗಿನ ಮರ ಏರುವುದು ಮುಂತಾದ ನಮ್ಮದೇ ತಾಪತ್ರಯಗಳಿಗೆ ಅಲ್ಲಿ ಕೈಹಾಕಿದವರು ಸಿಗುತ್ತಾರೆ. ಇವನ್ನು ‘ಆವಿಷ್ಕಾರ’ ಎನ್ನದೆ, ಕಲಿಯುವವರು ಮಾಡಿ ನೋಡಿದ ಕೆಲಸ ಎಂದು, ಕೈಕೊಟ್ಟದ್ದನ್ನೂ ಸೇರಿಸಿ ಬರೆದರೆ ಓದುಗರಿಗೆ ಸಪ್ಪೆಯಾದೀತೆಂದು ನನಗನಿಸುವುದಿಲ್ಲ. ನನ್ನ ಮಟ್ಟಿಗೆ, ಬ್ಯಾನರ್ ಹೊದ್ದ ಬೈಕಿಗಿಂತ ಆ ಕಪ್ಪು ರಟ್ಟಿನ ರಿಪೋರ್ಟಿನ ಕೊನೆಯ ಪುಟವೇ ರುಚಿಯಾಗಿತ್ತು.

ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆದು ಪ್ರಕಟಿಸುವುದೂ ಆಗದ ಮಾತು. ನಮ್ಮನ್ನು ಗುಂಡಿಗೆ ಕೆಡವಿದ ಪ್ರೆಸ್ ನೋಟಿಗೆ ಒಪ್ಪಿಗೆಯ ಸಹಿ ಇತ್ತು ಎಂಬುದನ್ನು ತಾವು ಗಮನಿಸಬೇಕು. ಇಡೀ ಲೇಖನವನ್ನು ಯಾರಿಗೂ ತೋರಿಸುವುದಿಲ್ಲ. ಅಂಕಿಗಳನ್ನೂ ತಾಂತ್ರಿಕ ವಾಕ್ಯಗಳನ್ನೂ ಸಂಶೋಧಕರಿಗೆ ಓದಿ ಹೇಳಿ ಸರಿಪಡಿಸಿಕೊಳ್ಳುತ್ತೇವೆ, ಜತೆಗೆ ಆ ಕೆಲಸದಲ್ಲಿ ಪಾಲಿಲ್ಲದ, ಬೇರೆ ಕಾಲೇಜಿನ ಒಬ್ಬರನ್ನಾದರೂ ಮಾತನಾಡಿಸುತ್ತೇವೆ. ಆ ಬೇರೆಯವರಲ್ಲಿ ಮೊದಲಿಗರು ತಾವೇ ಆಗಬೇಕೆಂದು ಕೇಳಿಕೊಳ್ಳುತ್ತೇನೆ. ಸಂಭಾವನೆ ಅಲ್ಪ, ಫೋನು ಬರುವುದು ರಾತ್ರಿ ಒಂಬತ್ತರ ಮೇಲೆ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟವಾಗುತ್ತದೆ, ಮೂಲೆಯ ಪೆಟ್ಟಿಗೆಯಲ್ಲಿ ಅಲ್ಲ, ಅದೇ ಎರಡು ಪುಟಗಳಲ್ಲಿ, ವಿದ್ಯಾರ್ಥಿಗಳು ಏನನ್ನು ಅಳೆದರು, ಏನು ಸಿಗಲಿಲ್ಲ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದದ್ದು. ಛಾಯಾಗ್ರಾಹಕರು ಇನ್ನೊಮ್ಮೆ ಹೋಗಿ ಬಂದಿದ್ದಾರೆ. ಈ ಸಲ ಪೆಟ್ರೋಲ್ ಟ್ಯಾಂಕು ಕಾಣುತ್ತದೆ.

ಇಂತಿ,
ಸಂಪಾದಕ