ಪೈಥಾನ್ ರಿಕ್ವೆಸ್ಟ್ಸ್‌ನಲ್ಲಿ 20 ಥ್ರೆಡ್ ಹಾಕಿದರೂ ವೇಗ ಯಾಕೆ ಬರ್ತಿಲ್ಲ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ರಿಕ್ವೆಸ್ಟ್ಸ್ (ವೆಬ್‌ನಿಂದ ಡೇಟಾ ತರಿಸುವ ಪೈಥಾನ್ ಲೈಬ್ರರಿ) ಬಳಸಿ ಒಂದೇ ಸರ್ವರ್‌ನಿಂದ ಸಾವಿರಾರು ದಾಖಲೆ ತರಿಸಬೇಕು. ಸೆಷನ್ (ಕನೆಕ್ಷನ್‌ಗಳನ್ನು ಮತ್ತೆ ಬಳಸಲು ಇಟ್ಟುಕೊಳ್ಳುವ ಆಬ್ಜೆಕ್ಟ್) ಒಂದೇ, ಥ್ರೆಡ್‌ಪೂಲ್ ಎಕ್ಸಿಕ್ಯೂಟರ್‌ಗೆ (ಕೆಲಸವನ್ನು ಹಲವು ಥ್ರೆಡ್‌ಗಳಿಗೆ ಒಟ್ಟಿಗೆ ಹಂಚುವ ಸಾಧನ) 20 ವರ್ಕರ್, ಅಂದರೆ 20 ಥ್ರೆಡ್. ಆದರೂ ವೇಗ ಅಷ್ಟಕ್ಕಷ್ಟೇ, ಲಾಗ್ ತುಂಬ ‘ಕನೆಕ್ಷನ್ ಪೂಲ್ ಈಸ್ ಫುಲ್, ಡಿಸ್ಕಾರ್ಡಿಂಗ್ ಕನೆಕ್ಷನ್’ (ಪೂಲ್ ತುಂಬಿದೆ, ಕನೆಕ್ಷನ್ ಬಿಸಾಕುತ್ತಿದ್ದೇನೆ) ಅನ್ನುವ ಸಾಲು. ಇದೇ ಕೋಡನ್ನು ಆಮೇಲೆ ಕನ್ನಡ ವಿಕಿಪೀಡಿಯದ 2,000 ಲೇಖನಗಳಿಗೂ ಬಳಸಬೇಕು ಅಂತಿದ್ದೀರಿ.

ಅದು ಎರರ್ ಅಲ್ಲ, ಬರೀ ಎಚ್ಚರಿಕೆ. ಡೇಟಾ ಎಲ್ಲೂ ಕಳೆದುಹೋಗಿಲ್ಲ. ಆದರೆ ನಿಮ್ಮ ಸಮಯ ಸೋರುತ್ತಿರುವುದು ಅಲ್ಲೇ.

ಸೆಷನ್ ಒಳಗೆ ನಿಜವಾಗಿ ದುಡಿಯುವುದು ಎಚ್‌ಟಿಟಿಪಿ ಅಡಾಪ್ಟರ್ ಅನ್ನುವ ಭಾಗ. ನೀವೇನೂ ಹೇಳದಿದ್ದರೆ ಅದು ಒಂದು ಹೋಸ್ಟ್‌ಗೆ (ಸರ್ವರ್ ವಿಳಾಸಕ್ಕೆ) 10 ಕನೆಕ್ಷನ್ ಮಾತ್ರ ಪೂಲ್‌ನಲ್ಲಿ, ಅಂದರೆ ಮರುಬಳಕೆಯ ಸಂಗ್ರಹದಲ್ಲಿ, ಉಳಿಸಿಕೊಳ್ಳುತ್ತದೆ. 11ನೇ ಥ್ರೆಡ್ ಬಂದರೆ ಕಾಯಿಸುವುದಿಲ್ಲ, ಹೊಸದೊಂದು ತೆರೆದು ಕೊಡುತ್ತದೆ. ಕನೆಕ್ಷನ್ ಕೆಲಸ ಮುಗಿಸಿ ವಾಪಸ್ ಬಂದಾಗ ಪೂಲ್‌ನಲ್ಲಿ ಜಾಗ ಇಲ್ಲದಿದ್ದರೆ ಅದನ್ನು ಬಿಸಾಕುತ್ತದೆ. ಮನೆಯಲ್ಲಿ 10 ಲೋಟ ಇದ್ದು 20 ಜನ ಬಂದಾಗ ಉಳಿದವರಿಗೆ ಪೇಪರ್ ಕಪ್‌ನಲ್ಲಿ ಕಾಫಿ ಕೊಡ್ತೀವಲ್ಲ, ಹಾಗೆ. ಕಾಫಿ ಎಲ್ಲರಿಗೂ ಸಿಗುತ್ತದೆ, ಕಪ್ ಮಾತ್ರ ಪ್ರತಿ ಸಲ ಹೊಸದು. ಇಲ್ಲಿ ಹೊಸದು ಅಂದರೆ ಮತ್ತೆ ಟಿಸಿಪಿ ಹ್ಯಾಂಡ್‌ಶೇಕ್ (ಸಂಪರ್ಕ ಕೂಡಿಸುವ ಮಾತುಕತೆ), ಅದರ ಮೇಲೆ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಅದನ್ನು ಸುರಕ್ಷಿತಗೊಳಿಸುವ ಮಾತುಕತೆ). ಸರ್ವರ್ ದೂರದಲ್ಲಿದ್ದು ಉತ್ತರ ಚಿಕ್ಕದಾಗಿದ್ದರೆ, ಉತ್ತರ ಬರುವುದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಹಿಡಿಯಬಹುದು.

ಸರಿಪಡಿಸಲು ಎರಡೇ ಸಾಲು. ಎಚ್‌ಟಿಟಿಪಿ ಅಡಾಪ್ಟರ್ ಒಂದನ್ನು ನೀವೇ ಮಾಡಿ, ಪೂಲ್ ಮ್ಯಾಕ್ಸ್‌ಸೈಜ್‌ಗೆ ವರ್ಕರ್‌ಗಳಷ್ಟೇ, ಅಂದರೆ 20 ಕೊಡಿ. ಆಮೇಲೆ ಸೆಷನ್‌ನ ಮೌಂಟ್ ಮೆಥಡ್‌ನಿಂದ ಅದನ್ನು ಎಚ್‌ಟಿಟಿಪಿಎಸ್ ವಿಳಾಸಗಳಿಗೆ ಜೋಡಿಸಿ. ಪಕ್ಕದಲ್ಲೇ ಪೂಲ್ ಕನೆಕ್ಷನ್ಸ್ ಅಂತ ಇನ್ನೊಂದಿದೆ, ಹೆಸರು ನೋಡಿ ಮೋಸ ಹೋಗಬೇಡಿ. ಅದು ಎಷ್ಟು ಹೋಸ್ಟ್‌ಗಳ ಪೂಲ್ ಇಟ್ಟುಕೊಳ್ಳಬೇಕು ಅನ್ನುವ ಲೆಕ್ಕ. ನಿಮ್ಮದು ಒಂದೇ ಹೋಸ್ಟ್, ಮುಟ್ಟುವುದೇ ಬೇಡ.

ಅಡಾಪ್ಟರ್‌ಗೆ ಕೈ ಹಾಕಿದ್ದೀರಿ ಅಂದಮೇಲೆ ಮ್ಯಾಕ್ಸ್ ರಿಟ್ರೈಸ್‌ಗೂ (ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು ಅನ್ನುವುದಕ್ಕೂ) ಏನಾದರೂ ಕೊಡಿ; ಸುಮ್ನೆ ಬಿಟ್ಟರೆ ಅದು ಸೊನ್ನೆ. ರಿಕ್ವೆಸ್ಟ್ಸ್ ಒಳಗೆ ಬಳಸುವ ಲೈಬ್ರರಿ ಯುಆರ್‌ಎಲ್‌ಲಿಬ್3ಯ ರಿಟ್ರೈ ಆಬ್ಜೆಕ್ಟ್ ಕೊಟ್ಟು, ಸರ್ವರ್‌ನಿಂದ 429 (ರಿಕ್ವೆಸ್ಟ್ ಜಾಸ್ತಿಯಾಯಿತು) ಅಥವಾ 503 (ಸೇವೆ ಸದ್ಯಕ್ಕಿಲ್ಲ) ಬಂದರೆ ಮತ್ತೆ ಪ್ರಯತ್ನಿಸು ಅಂತ ಹೇಳಿ. ಸರ್ವರ್ ‘ರಿಟ್ರೈ ಆಫ್ಟರ್’ ಹೆಡರ್ ಕಳಿಸಿದರೆ ಅದು ಅಷ್ಟು ಹೊತ್ತು ಕಾಯುತ್ತದೆ. ಟೈಮ್‌ಔಟ್ ಅಂತೂ ಪ್ರತಿ ರಿಕ್ವೆಸ್ಟ್‌ಗೂ ಬೇಕೇ ಬೇಕು. ರಿಕ್ವೆಸ್ಟ್ಸ್ ತಾನಾಗಿ ಟೈಮ್‌ಔಟ್ ಇಡುವುದಿಲ್ಲ, ಸರ್ವರ್ ಬಾಯಿಬಿಡದೆ ಕೂತರೆ ಆ ವರ್ಕರ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕನೆಕ್ಟ್ ಆಗಲು 5 ಸೆಕೆಂಡ್, ಓದಲು 30 ಕೊಟ್ಟು ನೋಡಿ.

ಇದೆಲ್ಲ ಬಿಟ್ಟು, ಒಂದೇ ಥ್ರೆಡ್‌ನಲ್ಲಿ ಹಲವು ರಿಕ್ವೆಸ್ಟ್ ಒಟ್ಟಿಗೆ ನಡೆಸುವ (ಅಸಿಂಕ್) ಲೈಬ್ರರಿ ಎಐಒ‌ಎಚ್‌ಟಿಟಿಪಿಗೆ ಹೋಗಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆಯ ಲೈಬ್ರರಿಯೇ. ಆದರೆ 20 ಕನೆಕ್ಷನ್‌ಗೋಸ್ಕರ ಇರುವ ಕೋಡನ್ನೆಲ್ಲ ಅಸಿಂಕ್‌ಗೆ ತಿರುಗಿಸುವ ತಲೆನೋವು ಯಾಕೆ, ಅಲ್ವಾ? ಬೇರೆಯವರ ಸರ್ವರ್ ಆದರೆ ನಾನು 20 ಕೂಡ ಹಾಕುವುದಿಲ್ಲ, 8ರಿಂದ ಶುರು ಮಾಡುತ್ತೇನೆ.

ವಿಕಿಪೀಡಿಯಕ್ಕೆ ಮಾತ್ರ ಈ ಥ್ರೆಡ್ ಕೋಡ್ ಒಯ್ಯಬೇಡಿ. ರಿಕ್ವೆಸ್ಟ್‌ಗಳನ್ನು ಒಂದಾದ ಮೇಲೊಂದು ಕಳಿಸಿ ಅಂತ ಅವರೇ ಕೇಳಿಕೊಳ್ಳುತ್ತಾರೆ. ಅವರ ಎಪಿಐನಲ್ಲಿ (ಪ್ರೋಗ್ರಾಂಗಳು ಡೇಟಾ ಕೇಳುವ ದಾರಿ) ಶೀರ್ಷಿಕೆಗಳ ನಡುವೆ ಪೈಪ್ ಗುರುತು (|) ಹಾಕಿ ಒಂದೇ ಸಲಕ್ಕೆ 50 ಕೇಳಬಹುದು. ಉತ್ತರ ಉದ್ದವಾದರೆ ಜೊತೆಗೆ ‘ಕಂಟಿನ್ಯೂ’ ಬರುತ್ತದೆ, ಅದನ್ನು ಮುಂದಿನ ರಿಕ್ವೆಸ್ಟ್‌ಗೆ ಸೇರಿಸಿ ಕಳಿಸಿ. ಯೂಸರ್ ಏಜೆಂಟ್‌ನಲ್ಲಿ (ಕೇಳುತ್ತಿರುವುದು ಯಾರು ಅಂತ ಸರ್ವರ್‌ಗೆ ಹೇಳುವ ಹೆಡರ್) ನಿಮ್ಮನ್ನು ಸಂಪರ್ಕಿಸುವ ದಾರಿ ಬರೆದಿಡಿ. 2,000 ಲೇಖನಕ್ಕೆ 40 ಗುಂಪು, ಒಂದು ಫಾರ್ ಲೂಪ್ ಸಾಕು.