ತಂತಿ ಹಾಕಿದ ದಿನವೇ ಕತ್ತು ನೆಟ್ಟಗಾಗುತ್ತಾ?

ಪ್ರಶ್ನೆ: ಡಾಕ್ಟರ್ ಮೇಡಂ, ನನ್ನ ತಮ್ಮನಿಗೆ 22 ವರ್ಷ. ಹೈಸ್ಕೂಲಿನಲ್ಲಿದ್ದಾಗ ಬಲಗಾಲು ಒಳಗೆ ತಿರುಚಿಕೊಳ್ಳಲು ಶುರುವಾಯಿತು. ಈಗ ಸೊಂಟ, ಕೈ, ಕತ್ತಿಗೂ ಬಂದಿದೆ. ಗದ್ದಕ್ಕೆ ಎರಡು ಬೆರಳು ಇಟ್ಟುಕೊಂಡರೆ ಕತ್ತು ನೆಟ್ಟಗೆ ನಿಲ್ಲುತ್ತದೆ, ತೆಗೆದರೆ ಮತ್ತೆ ವಾಲುತ್ತದೆ. ಮನೆಯವರು ನಾಟಕ ಅನ್ನುತ್ತಾರೆ. ಡಾಕ್ಟರು ಡಿಸ್ಟೋನಿಯಾ ಎಂದರು, ಮೆದುಳಿಗೆ ತಂತಿ ಹಾಕುವ ಡಿಬಿಎಸ್ ಮಾಡಿಸಿ ಎಂದರು. ಪೂರ್ತಿ ವಾಸಿಯಾಗುತ್ತಾ? ಮಗ್ಗಕ್ಕೆ ಕೂರಬಹುದಾ?
– ಓದುಗಿ, ಬೆಟಗೇರಿ

ಉತ್ತರ: ತಂಗಿ, ಮೊದಲು ಈ ಪುಟವನ್ನು ಮನೆಯವರಿಗೆ ಓದಿ ಹೇಳಿ. ಇದು ನಾಟಕ ಅಲ್ಲವೇ ಅಲ್ಲ. ಮೆದುಳಿನ ತಪ್ಪು ಸಂದೇಶದಿಂದ ಸ್ನಾಯುಗಳು ತಾವಾಗಿಯೇ ಬಿಗಿದು ಮೈ ತಿರುಚುವ ಕಾಯಿಲೆಯೇ ಡಿಸ್ಟೋನಿಯಾ. ಗದ್ದ ಮುಟ್ಟಿದರೆ ಕತ್ತು ಸರಿಹೋಗುವುದು ಡಿಸ್ಟೋನಿಯಾದ್ದೇ ಗುರುತು. ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಯಾರಾದರೂ ಹಾಗೆ ಬೆರಳು ಹಿಡಿದುಕೊಂಡು ಬಂದರೆ ಬಾಗಿಲಲ್ಲೇ ನನಗೆ ಸುಳಿವು ಸಿಗುತ್ತದೆ.

ಆಪರೇಷನ್ನಿಗೆ ಒಪ್ಪುವ ಮುಂಚೆ ಒಂದು ಮಾತು ಕೇಳಿ: ಲೆವೊಡೋಪಾ ಮಾತ್ರೆ ಕೊಟ್ಟು ನೋಡಿದ್ದಾರಾ? ಚಿಕ್ಕಂದಿನಲ್ಲಿ ಕಾಲಿನಿಂದ ಶುರುವಾಗುವ ಒಂದು ಬಗೆಯ ಡಿಸ್ಟೋನಿಯಾ ಅಷ್ಟರಲ್ಲೇ ಹತೋಟಿಗೆ ಬರುತ್ತದೆ. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಇಲ್ಲವೆಂದೂ ಖಾತ್ರಿಯಾಗಬೇಕು. ಬರೀ ಕತ್ತಿನದಾಗಿದ್ದರೆ ಮೂರು ತಿಂಗಳಿಗೊಮ್ಮೆ ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಸಾಕು ಅನ್ನುತ್ತಿದ್ದೆ. ಮೈಯೆಲ್ಲ ಹಬ್ಬಿದಾಗ ಅದು ಸಾಲದು.

ಡಿಬಿಎಸ್‌ನಲ್ಲಿ ಮೆದುಳಿನ ಎರಡೂ ಬದಿ, ಗ್ಲೋಬಸ್ ಪ್ಯಾಲಿಡಸ್ ಎಂಬ ಆಳದ ಜಾಗಕ್ಕೆ ಸಣ್ಣ ತಂತಿ ಇಳಿಸುತ್ತಾರೆ. ಅದು ಚರ್ಮದಡಿ ಕಿವಿಯ ಹಿಂದಿನಿಂದ ಇಳಿದು, ಎದೆಯ ಮೇಲ್ಭಾಗದಲ್ಲಿ ಕೂರಿಸಿದ ಬ್ಯಾಟರಿಗೆ ಸೇರುತ್ತದೆ. ಬ್ಯಾಟರಿ ಆ ತಂತಿಯ ಮೂಲಕ ಮೆದುಳಿಗೆ ಸಣ್ಣ ಕರೆಂಟ್ ಕೊಡುತ್ತದೆ. ಅಮೆರಿಕದಲ್ಲಿ ಡಿಸ್ಟೋನಿಯಾಕ್ಕೆ ಇದಕ್ಕೆ ಅನುಮತಿ ಸಿಕ್ಕಿದ್ದು 2003ರಲ್ಲಿ, 7 ವರ್ಷ ದಾಟಿದವರಿಗೆ. ರಕ್ತಸ್ರಾವ, ಸೋಂಕಿನ ಅಪಾಯ ಕಡಿಮೆ. ಆದರೆ ಇದೆ.

ನಿಮಗೆ ಗಟ್ಟಿಯಾಗಿ ಹೇಳಬೇಕಾದ್ದು ಇದು: ಫಲ ನಿಧಾನ. ಪಾರ್ಕಿನ್ಸನ್ ರೋಗಿಯ ಕೈನಡುಕ ಕರೆಂಟ್ ಹಾಕಿದ ಕೂಡಲೇ ನಿಲ್ಲಬಹುದು. ಡಿಸ್ಟೋನಿಯಾ ಹಾಗಲ್ಲ. ಎಳೆತ, ಜರ್ಕು ಮೊದಲು ಕಡಿಮೆಯಾಗುತ್ತವೆ. ತಿರುಚಿ ನಿಂತ ಭಂಗಿ ಸಡಿಲಾಗಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷವೇ. ರಾಣೆಬೆನ್ನೂರು ಕಡೆಯ ಒಬ್ಬ ಹುಡುಗಿಯ ತಾಯಿ ಆಪರೇಷನ್ ಆದ ಮೇಲೆ ನನ್ನ ಮುಂದೆ ಅತ್ತುಬಿಟ್ಟರು, ‘ರೊಕ್ಕ ಎಲ್ಲಾ ನೀರಾಗ ಹೋತ್ರಿ’ ಅಂತ. ಹುಡುಗಿಯ ಎಡಗಾಲಿನ ಚಪ್ಪಲಿ ಯಾವಾಗಲೂ ಹೊರ ಅಂಚಿನಲ್ಲೇ ಸವೆದು ಹರಿಯುತ್ತಿತ್ತು. ಮುಂದಿನ ವರ್ಷ ಅದೇ ತಾಯಿ ಚಪ್ಪಲಿ ತಿರುವಿ ತೋರಿಸಿದರು, ಎರಡೂ ಒಂದೇ ಸಮ ಸವೆದಿದ್ದವು. ನಡುವೆ ಆದದ್ದು ಕರೆಂಟಿನ ಪ್ರಮಾಣ ಸ್ವಲ್ಪ ಸ್ವಲ್ಪವೇ ಹೊಂದಿಸುವ ಕೆಲಸ. ಆ ಓಡಾಟಕ್ಕೆ ದುಡ್ಡು, ರಜೆ ಎರಡನ್ನೂ ಈಗಲೇ ಎತ್ತಿಡಿ.

ಪೂರ್ತಿ ವಾಸಿ ಅಂತ ನಾನು ಹೇಳಲಾರೆ. ರೋಗದ ಬೇರು ಹೋಗುವುದಿಲ್ಲ, ಹತೋಟಿಗೆ ಬರುತ್ತದೆ. ಡಿವೈಟಿ1 ಜೀನ್ ದೋಷವಿದ್ದರೆ ಒಳ್ಳೆಯ ಫಲ ಸಿಗುವ ಸಾಧ್ಯತೆ ಜಾಸ್ತಿ, ಆ ಪರೀಕ್ಷೆ ಮಾಡಿಸಿ. ಗಂಟುಕಟ್ಟಿ ಮರಗಟ್ಟಿದ ಕೀಲನ್ನು ಮಾತ್ರ ಈ ತಂತಿ ಬಿಡಿಸದು, ಹಾಗಾಗಿ ಸುಮ್ನೆ ವರ್ಷಗಟ್ಟಲೆ ಮುಂದೂಡಬೇಡಿ. ಮಗ್ಗದ ವಿಚಾರ ಕಾಲು ಎಷ್ಟು ಸಡಿಲಾಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಅವನು ಮತ್ತೆ ಲಾಳಿ ಹಿಡಿಯಲಿ ಅನ್ನುವುದೇ ನನ್ನ ಆಸೆಯೂ.

ಖರ್ಚು ಲಕ್ಷಗಳಲ್ಲಿ. ಮಾಮೂಲಿ ಬ್ಯಾಟರಿಯನ್ನು ಕೆಲ ವರ್ಷಕ್ಕೊಮ್ಮೆ ಬದಲಿಸಬೇಕು, ಚಾರ್ಜ್ ಮಾಡುವಂಥದ್ದು ಹೆಚ್ಚು ಬಾಳುತ್ತದೆ. ಬ್ಯಾಟರಿ ನಿಂತು ಮೈ ಮತ್ತೆ ಬಿಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎಂಆರ್‌ಐಗೆ ಮುಂಚೆ ಸಾಧನದ ಕಾರ್ಡ್ ತೋರಿಸಿ. ಬೆನ್ನುನೋವಿಗೆ ಅಂತ ಫಿಸಿಯೋಥೆರಪಿಯವರು ಡಯಾಥರ್ಮಿ ಶಾಖ ಕೊಡಲು ಬಂದರೆ ಖಂಡಿತ ಬೇಡ ಅನ್ನಿ, ಅದರಿಂದ ತಂತಿ ಬಿಸಿಯಾಗಿ ಮೆದುಳಿಗೇ ಪೆಟ್ಟಾಗುತ್ತದೆ.